ಕೆಟಲ್‌ಗೆ ಕೊನೆಯ ಪುಟ ಬೇಡವಂತೆ

೧

ಎಲ್ಲಿಂದ ಶುರುಮಾಡಲಿ? ಕೆಟಲ್‌ನಿಂದ ಶುರುಮಾಡಿದರೆ ಇದು ಮಕ್ಕಳ ಕತೆ ಅಂದುಕೊಂಡು ನೀವು ಪಕ್ಕದ ಮಗುವಿನ ಕೈಗೆ ಕೊಟ್ಟು ಎದ್ದುಹೋಗುತ್ತೀರಿ. ನನ್ನಿಂದ ಶುರುಮಾಡಿದರೆ, ಅಧ್ಯಾಯಗಳನ್ನು ಯಾವ ಕ್ರಮದಲ್ಲಾದರೂ ಓದಬಹುದಾದ ನನ್ನ ಕಾದಂಬರಿಯ ಬಗ್ಗೆ ಹೇಳಬೇಕಾಗುತ್ತದೆ. (ಯಾವ ಕ್ರಮದಲ್ಲೂ ಓದಲಾಗುವುದಿಲ್ಲ ಎಂದು ಅಕ್ಕ ಹೇಳುತ್ತಾಳೆ.) ಅದಕ್ಕೇ ಒಂದು ಜೊತೆ ಹಳದಿ ಶೂಗಳಿಂದ ಶುರುಮಾಡುತ್ತೇನೆ. ಅವು ಈಗ ಐದು ವರ್ಷದ ಕೊನೊಮಿಯ ಹೆಗಲಿನ ಚೀಲದಲ್ಲಿವೆ. ಇರಬೇಕಾದದ್ದು ಶಿಶುವಿಹಾರದ ಬಾಗಿಲ ಬಳಿಯ ಗೂಡಿನಲ್ಲಿ.

ಕೊನೊಮಿ ನನ್ನ ಅಕ್ಕನ ಮಗಳು. ಇಬ್ಬರೂ ಸೆಂದಾಯ್ ನಗರ ಬಿಟ್ಟು ಮಿಜುಸಾವಾ ಊರಿನ ನಮ್ಮ ಮನೆಗೆ ಬಂದದ್ದು ಎಲೆ ಉದುರುವ ಕಾಲದಲ್ಲಿ. ಅಷ್ಟರಲ್ಲಿ ಶಿಶುವಿಹಾರದಲ್ಲಿ ಮಾರ್ಕ್ ಹಂಚಿ ಆಗಿತ್ತು. ಮಾರ್ಕ್ ಅಂದರೆ ಅಂಕವಲ್ಲ, ಚಿತ್ರ. ಹೆಸರು ಓದಲು ಬಾರದ ಮಕ್ಕಳಿಗೆ, ಶಾಲಾವರ್ಷ ಶುರುವಾಗುವ ಏಪ್ರಿಲ್‌ನಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಸ್ಟಿಕರ್: ಸ್ಟ್ರಾಬೆರಿ, ರೈಲು, ಆನೆ. ಶೂ ಗೂಡಿಗೆ, ಟವೆಲ್ ಗೂಟಕ್ಕೆ, ಲೋಟಕ್ಕೆ ಎಲ್ಲದಕ್ಕೂ ಅದೇ. ನಾನೂ ಅಕ್ಕನೂ ಅಲ್ಲೇ ಕಲಿತವರು. ಅಕ್ಕ ಈಗಲೂ ಎಲ್ಲಿ ಚೆರ್ರಿ ಚಿತ್ರ ಕಂಡರೂ ತನ್ನದು ಅನ್ನುತ್ತಾಳೆ. ನನ್ನದು ಬಸವನಹುಳು. ನಾನು ಹೀಗಾಗಲು ಅದೇ ಕಾರಣ ಎಂಬುದು ಅವಳ ಸಿದ್ಧಾಂತ.

ಸ್ಟಿಕರ್ ಹಾಳೆಯಲ್ಲಿ ಇನ್ನೂ ಒಂದು ಮೊಲ ಉಳಿದಿತ್ತು. ಅದನ್ನು ಅಂಟಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಶಿಶುವಿಹಾರದ ಓಯಿಕಾವಾ ಟೀಚರ್ ತುಂಬಾ ಒಳ್ಳೆಯವರು. ಕೊನೊಮಿಯ ತಾತ, ಅಂದರೆ ನಮ್ಮಪ್ಪ, ಕಬ್ಬಿಣ ಎರಕ ಹೊಯ್ದು ಕೆಟಲ್ ಮಾಡುವವರು. ಹೊಸದಾಗಿ ಬಂದ ಮಗುವಿಗೆ ಉಳಿದದ್ದನ್ನು ಅಂಟಿಸಲು ಟೀಚರ್‌ಗೆ ಮನಸ್ಸು ಬರಲಿಲ್ಲ. ಕೂತು, ಕಪ್ಪು ಬಣ್ಣ ಹಚ್ಚಿ, ತಾತನ ಕೆಟಲ್‌ನ ಚಿತ್ರವನ್ನು ಕೈಯಾರೆ ಬರೆದರು. ಎಲ್ಲರದೂ ಅಂಗಡಿಯ ಮಿರುಗುವ ಸ್ಟಿಕರ್. ಕೊನೊಮಿಯದು ಮಾತ್ರ ಪ್ರೀತಿಯಿಂದ ಬರೆದ ಕಪ್ಪು ಗುಂಡು.

"ಇದೇನು, ಸುಟ್ಟ ಗೆಣಸಾ?" ಎಂದ ರೈಲು ಮಾರ್ಕಿನ ಗೆಂಟಾ.

ಅಂದಿನಿಂದ ಅವಳ ಹೆಸರು ಗೆಣಸು. ಅಂದಿನಿಂದ ಅವಳು ಶೂಗಳನ್ನು ಗೂಡಿನಲ್ಲಿ ಇಡುವುದನ್ನು ಬಿಟ್ಟಳು. ಒಳಗೆ ಓಡಾಡುವ ಮೆತ್ತನೆಯ ಶೂ ಹಾಕಿಕೊಂಡು, ಹೊರಗಿನ ಶೂಗಳನ್ನು ಚೀಲದಲ್ಲಿ ತುಂಬಿ ಹೆಗಲಿಗೆ ಹಾಕಿಕೊಳ್ಳುತ್ತಾಳೆ. ಊಟಕ್ಕೂ ಚೀಲ, ಮಧ್ಯಾಹ್ನದ ನಿದ್ದೆಗೂ ಚೀಲ. ಯಾವ ಗಳಿಗೆಯಲ್ಲಾದರೂ ಎದ್ದು ಸೆಂದಾಯ್‌ಗೆ ಹೊರಡುವವಳಂತೆ.

ಟೀಚರ್‌ಗೆ ತಪ್ಪು ಹೊಳೆಯಿತು. ಮೊಲ ಅಂಟಿಸಿಬಿಡಲಾ ಎಂದು ಕೇಳಿದರು. ಕೊನೊಮಿ ಬೇಡವೆಂದು ತಲೆಯಾಡಿಸಿದಳು. ಈಗ ಬದಲಾಯಿಸಿದರೆ ಅವಳು ಅತ್ತಳು ಅಂತ ಎಲ್ಲರಿಗೂ ಗೊತ್ತಾಗುತ್ತದಂತೆ. (ನಾನು ಓದಿದ ಅನುವಾದಿತ ಕಾದಂಬರಿಗಳಲ್ಲಿ ಇದನ್ನು ಹೇಳಲು ಇನ್ನೂರು ಪುಟ ಹಿಡಿಯುತ್ತದೆ.)

ಟೀಚರ್ ನನ್ನ ಬಳಿ ಬಂದರು. ಊರಿನಲ್ಲಿ ಚಿತ್ರಪುಸ್ತಕ ಬರೆಯುವವನು ನಾನೊಬ್ಬನೇ. ಒಂದು ಕೆಟಲ್ ಕತೆ ಬೇಕಂತೆ. ಧೈರ್ಯ ಇರಬೇಕು, ಎಲ್ಲರೂ ಸೇರಿಸಿಕೊಳ್ಳಬೇಕು, ಮಕ್ಕಳು ಬಿದ್ದು ಬಿದ್ದು ನಗಬೇಕು. ಉಪ್ಪು, ಹುಳಿ, ಖಾರ ಹೇಳಿದ ಹಾಗೆ ಹೇಳಿ ಹೋದರು.

೨

ಮೊದಲ ಕರಡು. ಕಾಡಿನ ಪ್ರಾಣಿಗಳು ಕಪ್ಪು ಕೆಟಲ್ ಅನ್ನು ಆಟಕ್ಕೆ ಸೇರಿಸುವುದಿಲ್ಲ. ಒಂದು ದಿನ ತೋಳ ಬರುತ್ತದೆ. ಕೆಟಲ್ ಮುಚ್ಚಳವನ್ನು ಕಟಕಟ ಕುಣಿಸಿ, ಬುಸ್ಸೆಂದು ಹಬೆ ಬಿಟ್ಟು ತೋಳವನ್ನು ಓಡಿಸುತ್ತದೆ. ಜೈಕಾರ.

ಇಲ್ಲಿ ಕೆಟಲ್ ಬಾಯಿ ಹಾಕಿತು.

"ನನ್ನ ಮುಚ್ಚಳ ಕಟಕಟ ಅಂದಿದ್ದು ಕೋಪಕ್ಕಲ್ಲ ಕಣಯ್ಯ. ಹೆದರ್ಕೊಂಡು."

ನೀನು ಈ ಕತೆಯ ನಾಯಕ ಎಂದು ತಿಳಿಹೇಳಿದೆ.

"ನಾಯಕ ಬೇಕಿದ್ರೆ ಕತ್ತಿ ಬರ್ಕೋ. ನಾನು ಕೆಟಲ್ಲು. ಹೆದರಿಕೆ ಆದ್ರೆ ನಡುಗ್ತೀನಿ. ನೀರು ಕುದೀತು ಅಂದ್ಕೊಂಡು ನೀವು ಟೀ ಸೊಪ್ಪು ಹುಡುಕ್ತೀರಾ."

ನಾನು ಹಾಳೆ ಹರಿದೆ. ಆದರೆ ಆ ಮಾತನ್ನು ಎತ್ತಿಟ್ಟುಕೊಂಡೆ. (ಪಾತ್ರಗಳಿಂದ ಕದಿಯುವುದು ಕಳ್ಳತನವಲ್ಲ. ಎಲ್ಲೋ ಓದಿದ್ದೇನೆ, ಅಥವಾ ಈಗಷ್ಟೇ ಬರೆದೆ.)

೨, ಇನ್ನೊಂದು ಸಲ

ಎರಡನೆಯ ಕರಡು ಬರೆದು ನಾನೇ ಕಣ್ಣೊರೆಸಿಕೊಂಡೆ. ಕಾಡಿನಲ್ಲಿ ಹಿಮ ಸುರಿಯುತ್ತದೆ. ಮೊಲ, ನರಿ, ಕರಡಿ ಚಳಿಗೆ ಸೆಟೆದುಕೊಳ್ಳುತ್ತವೆ. ಆಗ ಬಿಸಿನೀರು ಕೊಡುವುದು ಯಾರು? ಅದೇ ಕಪ್ಪು ಕೆಟಲ್. ಎಲ್ಲರೂ ಕ್ಷಮೆ ಕೇಳಿ ತಬ್ಬಿಕೊಳ್ಳುತ್ತಾರೆ.

ಕೊನೊಮಿಗೆ ಓದಿ ತೋರಿಸಿದೆ. ಅವಳು ಕೊತಾತ್ಸು ಎಂಬ ಬಿಸಿ ಮೇಜಿನ ಬೆಚ್ಚನೆಯ ಹೊದಿಕೆಯೊಳಗೆ ಕಾಲು ತೂರಿಸಿಕೊಂಡು ಕಿತ್ತಳೆ ತಿನ್ನುತ್ತಿದ್ದಳು. ಚೀಲ ಪಕ್ಕದಲ್ಲೇ ಇತ್ತು.

"ಮಾಮ, ಹಿಮ ಬೀಳ್ದೇ ಇದ್ದಿದ್ರೆ?"

"ಬೀಳುತ್ತಲ್ಲ ಪುಟ್ಟಿ, ಕತೇಲಿ."

"ಬೀಳ್ದೇ ಇದ್ದಿದ್ರೆ ಅದನ್ನ ಆಟಕ್ಕೆ ಸೇರಿಸ್ಕೊಳ್ತಾನೇ ಇರ್ಲಿಲ್ವಾ?"

ನಾನು ಒಂದು ಕಿತ್ತಳೆ ಸುಲಿಯತೊಡಗಿದೆ. ಬಹಳ ನಿಧಾನವಾಗಿ ಸುಲಿದೆ. ಮಾಡಿದ ಉಪಕಾರಕ್ಕೆ ಬದಲಾಗಿ ಸಿಕ್ಕ ಅಪ್ಪುಗೆ ಅವಳಿಗೆ ಬೇಡವಾಗಿತ್ತು. ಪುಸ್ತಕವನ್ನು ಪೂರ್ತಿ ಮಾಡುವವನು ಓದುಗನೇ ಎಂದು ನಾನು ಎಷ್ಟೋ ಕಡೆ ಓದಿದ್ದೆ. ಆ ಓದುಗನ ಗಲ್ಲದಿಂದ ಕಿತ್ತಳೆ ರಸ ಸೋರುತ್ತಿರುತ್ತದೆ ಎಂದು ಯಾರೂ ಬರೆದಿರಲಿಲ್ಲ.

೪

(ಮೂರು ಎಲ್ಲಿ ಎಂದು ಕೇಳುತ್ತೀರಾ? ಮೂರರಲ್ಲಿ ಕೆಟಲ್ ಕೊನೆಗೆ ಮೊಲವಾಗಿಬಿಡುತ್ತದೆ. ಅದನ್ನು ಒಲೆಗೆ ಹಾಕಿದೆ. ಆ ಒಲೆಯ ಮೇಲಿದ್ದ ನಿಜವಾದ ಕೆಟಲ್ ಚೆನ್ನಾಗಿ ಕುದಿಯಿತು.)

ನಾಲ್ಕನೆಯದರಲ್ಲಿ ತೋಳವಿಲ್ಲ, ಹಿಮವಿಲ್ಲ, ಯಾರಿಗೂ ಬಿಸಿನೀರು ಬೇಕಿಲ್ಲ. ಎಲ್ಲರೂ ಕಣ್ಣಾಮುಚ್ಚಾಲೆ ಆಡುತ್ತಿದ್ದಾರೆ. ಕೆಟಲ್ ಕೇಳದೆಯೇ ಹೋಗಿ ಬಚ್ಚಿಟ್ಟುಕೊಳ್ಳುತ್ತದೆ. ಆದರೆ ಅದಕ್ಕೆ ಕತ್ತಲೆಂದರೆ ಭಯ. ಪೊದೆಯೊಳಗೆ ಕೂತರೆ ಮುಚ್ಚಳ ಕಟಕಟ. ಮಂಚದ ಕೆಳಗೆ ಕೂತರೆ ಕಟಕಟ. ಕರಡಿಯ ಹೊಟ್ಟೆಯ ಹಿಂದೆ ಕೂತರೆ ಕರಡಿಯೂ ನಡುಗುತ್ತದೆ. ಪ್ರತಿ ಸಲವೂ ಮೊದಲು ಸಿಕ್ಕಿಬೀಳುವುದು ಕೆಟಲ್. ಪ್ರತಿ ಸಲವೂ ಮತ್ತೆ ಬಚ್ಚಿಟ್ಟುಕೊಳ್ಳಲು ಓಡುವುದೂ ಕೆಟಲ್.

ಮುಂದೆ? ಮುಚ್ಚಳಕ್ಕೆ ದಾರ ಕಟ್ಟಿ ಗೆಲ್ಲಿಸಲು ನೋಡಿದೆ. ಬಾಯಿ ಕಟ್ಟಿಸಿಕೊಂಡು ಗೆಲ್ಲುವುದಾದರೆ ತಾನು ಈ ಪುಸ್ತಕದಿಂದಲೇ ಎದ್ದುಹೋಗುತ್ತೇನೆ ಎಂದಿತು ಕೆಟಲ್. ಹುಡುಕುವ ನರಿಯೇ ಕತ್ತಲೆಗೆ ಹೆದರಿ ಓಡುವಂತೆ ಮಾಡಿದೆ. ಅದು ತೋಳದ ಕತೆಯೇ ಅಲ್ಲವೇ, ಬಾಲದ ಬಣ್ಣ ಬೇರೆ ಅಷ್ಟೇ ಎಂದು ಹಂಗಿಸಿತು. ಹಾಗಾದರೆ ನೀನೇ ಹೇಳು, ಕೊನೆಯ ಪುಟದಲ್ಲಿ ಏನಿರಬೇಕು?

"ನಾನಿನ್ನೂ ಬಚ್ಚಿಟ್ಕೊಂಡೇ ಇದೀನಲ್ಲ. ನಂಗೇನು ಗೊತ್ತು?"

ಶಿಶುವಿಹಾರದಲ್ಲಿ ಓದುವ ದಿನ ಬಂದೇಬಿಟ್ಟಿತು. ಕೊನೆಯ ಪುಟವನ್ನು ಬಿಳಿಯಾಗಿಯೇ ಬಿಟ್ಟು ಪುಸ್ತಕ ಹೊಲಿದೆ. (ಇದನ್ನು ಧೈರ್ಯವಾದ ಪ್ರಯೋಗ ಎಂದು ಯಾರಾದರೂ ಬರೆದರೆ ನಾನು ತಡೆಯುವುದಿಲ್ಲ.)

೫

ಓಯಿಕಾವಾ ಟೀಚರ್ ಪುಸ್ತಕ ಓದುವುದಕ್ಕೆ ಕೆಲವು ನೇಮಗಳಿವೆ. ಪುಟದಲ್ಲಿ ಇಲ್ಲದ ಒಂದು ಮಾತನ್ನೂ ಅವರು ಸೇರಿಸುವುದಿಲ್ಲ. ಮುಗಿದ ಮೇಲೆ ಏನು ಕಲಿತಿರಿ ಎಂದು ಕೇಳುವುದಿಲ್ಲ. ಹಿಂಬದಿಯ ರಕ್ಷಾಪುಟವನ್ನು ಎಲ್ಲರಿಗೂ ಕಾಣುವಂತೆ ಹಿಡಿದು, ಸುಮ್ಮನಿದ್ದು, ಪುಸ್ತಕವನ್ನು ಕೆಳಗಿಡುತ್ತಾರೆ. ಈ ಊರಿನಲ್ಲಿ ನಾವೆಲ್ಲ ಹಾಗೆ ಕೇಳಿಯೇ ಬೆಳೆದವರು.

ಮಕ್ಕಳು ನೆಲದ ಮೇಲೆ ಕೂತಿದ್ದರು. ಕೊನೊಮಿ ಎಲ್ಲರಿಗಿಂತ ಹಿಂದೆ, ಚೀಲ ಹೆಗಲಿನಲ್ಲೇ. ಕರಡಿಯ ಹೊಟ್ಟೆ ನಡುಗಿದಾಗ ಆನೆ ಮಾರ್ಕಿನ ಮಗು ನಕ್ಕು ಉರುಳಿಬಿತ್ತು. ಕೊನೊಮಿ ನಗಲಿಲ್ಲ. ಕೆಟಲ್ ಮತ್ತೆ ಬಚ್ಚಿಟ್ಟುಕೊಳ್ಳಲು ಓಡಿತು. ಟೀಚರ್ ಪುಟ ತಿರುಗಿಸಿದರು.

ಬಿಳಿ.

ಅವರು ನನ್ನನ್ನು ನೋಡಿದರು. ನಾನು ಕಿಟಕಿಯನ್ನು ನೋಡಿದೆ. ಬೇರೆ ಯಾರಾದರೂ ಆಗಿದ್ದರೆ, ಹೀಗೆ ಎಲ್ಲರೂ ಸುಖವಾಗಿದ್ದರು ಎಂದು ಮುಗಿಸಿಬಿಡುತ್ತಿದ್ದರು. ಪುಟದಲ್ಲಿ ಮಾತಿರಲಿಲ್ಲ, ಹಾಗಾಗಿ ಟೀಚರ್ ಮಾತಾಡಲಿಲ್ಲ. ಬಿಳಿ ಪುಟವನ್ನು ಎತ್ತಿ ಹಿಡಿದು ಕೂತರು. ಹೀಟರಿನ ಸದ್ದು ಕೇಳುವಷ್ಟು ಹೊತ್ತು.

ಆಗ ಗೆಂಟಾ ಹಲ್ಲಿಗೆ ಹಲ್ಲು ಬಡಿದು ಸದ್ದು ಮಾಡಿದ. ಕಟ ಕಟ ಕಟ.

ಆನೆಯೂ ಶುರುಮಾಡಿತು. ಸ್ಟ್ರಾಬೆರಿಯೂ. ಇಡೀ ಕೋಣೆಯ ಹಲ್ಲುಗಳು ಕಟಕಟ ಅಂದವು. ಆ ಗದ್ದಲದಲ್ಲಿ ಯಾವುದು ಕೆಟಲ್ ಎಂದು ಯಾವ ನರಿಯೂ ಕಂಡುಹಿಡಿಯುವಂತಿರಲಿಲ್ಲ. (ಇದು ನನಗೆ ಹೊಳೆದಿರಲಿಲ್ಲ. ಹೊಳೆದಿತ್ತು ಎಂದು ಬರೆಯಬಹುದಿತ್ತು.)

"ಹಲ್ಲಲ್ಲ ಅದು," ಎಂದಳು ಕೊನೊಮಿ ಹಿಂದಿನಿಂದ.

ಎಲ್ಲರೂ ತಿರುಗಿದರು. ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಪಟ್ಟಿ ನಡುಗುತ್ತಿತ್ತು.

"ಕಬ್ಬಿಣ. ಇನ್ನೂ ದಪ್ಪ ಬರುತ್ತೆ ಸದ್ದು. ನಮ್ಮ ತಾತನ ಮನೇಲಿದೆ. ಗೆಣಸಲ್ಲ."

ಗೆಂಟಾ ಯೋಚಿಸಿದ. "ನೋಡಕ್ಕೆ ಬರ್ಬೋದಾ?"

"ತಾತನ್ನ ಕೇಳ್ಬೇಕು."

"ಕೇಳೇ ಮತ್ತೆ."

ಟೀಚರ್ ಹಿಂಬದಿಯ ರಕ್ಷಾಪುಟ ತೋರಿಸಿ ಪುಸ್ತಕ ಕೆಳಗಿಟ್ಟರು. ಏನು ಕಲಿತಿರಿ ಎಂದು ಕೇಳಲಿಲ್ಲ.

೬, ಅಥವಾ ಮತ್ತೆ ೧

ಮರುದಿನ ಮಧ್ಯಾಹ್ನ ಅವಳನ್ನು ಕರೆತರಲು ಹೋದೆ. ಕೆಟಲ್ ಮಾರ್ಕಿನ ಗೂಡಿನಲ್ಲಿ ಹಳದಿ ಶೂ ಇತ್ತು.

ಒಂದು.

ಇನ್ನೊಂದನ್ನು ಕೊನೊಮಿ ಚೀಲದಿಂದ ತೆಗೆದಳು. ಮೆಟ್ಟಿಲ ಮೇಲೆ ಕೂತು ಎರಡನ್ನೂ ಹಾಕಿಕೊಂಡಳು. ಯಾಕೆ ಒಂದೇ ಇಟ್ಟಿದ್ದೆ ಎಂದು ಕೇಳಿದೆ.

"ಇನ್ನೊಂದು ನೋಡ್ತಾ ಇದೆ," ಎಂದಳು. "ಗೂಡಲ್ಲಿ ಒಂದಕ್ಕೆ ಹೇಗಿರುತ್ತೆ ಅಂತ."

ಎರಡೂ ಶೂಗಳನ್ನು ಗೂಡಿನಲ್ಲಿ ಇಡಿಸಿ ನಿಮ್ಮನ್ನು ಮನೆಗೆ ಕಳಿಸಬೇಕು ಎಂದು ನನಗೆ ಬಹಳ ಆಸೆಯಿದೆ. ಪೆನ್ನು ನನ್ನ ಕೈಯಲ್ಲೇ ಇದೆ, ಒಂದು ವಾಕ್ಯದ ಕೆಲಸ. ಕೆಟಲ್ ಬೇಡ ಅನ್ನುತ್ತಿದೆ. ಬದಲಿಗೆ ಹಿಂಬದಿಯ ರಕ್ಷಾಪುಟಕ್ಕೆ ಹೊಸ ಚಿತ್ರ ಬರೆದಿದ್ದೇನೆ: ಒಂದು ಗೂಡು, ಅದರಲ್ಲಿ ಒಂದು ಹಳದಿ ಶೂ, ಪಕ್ಕದಲ್ಲಿ ಇನ್ನೊಂದಕ್ಕೆ ಸಾಕಾಗುವಷ್ಟು ಜಾಗ. ಪುಸ್ತಕವನ್ನು ನಿಮ್ಮ ಕಡೆ ತಿರುಗಿಸಿ ಹಿಡಿದಿದ್ದೇನೆ. ಕೈ ನೋಯುತ್ತಿದೆ. ಇನ್ನೂ ಹಿಡಿದಿದ್ದೇನೆ