ಬಿಲ್ಲೆ ಕೊಡದ ಕೋದಂಡಪ್ಪ

ಎಷ್ಟು ಎತ್ತರದ ಬಾಗಿಲಾದರೂ ಸರಿ, ಕೋದಂಡಪ್ಪನವರು ತಲೆ ಬಗ್ಗಿಸದೆ ಒಳಗೆ ಬರುವವರಲ್ಲ. ಆಳು ಐದಡಿ ಎರಡಂಗುಲ. ಉರಿಗಾಂನ ತ್ರಿವೇಣಿ ಬಾರಿನ ಬಾಗಿಲೋ ಆನೆಮರಿ ನಡೆದು ಬರುವಷ್ಟು ಎತ್ತರ. ಆದರೂ ಹೊಸ್ತಿಲು ಹತ್ತಿರವಾಗುತ್ತಲೇ ಅವರ ಕತ್ತು ತಾನಾಗಿ ಬಾಗುತ್ತದೆ, ಮೊಣಕಾಲು ಒಂದಿಷ್ಟು ಮಡಿಯುತ್ತದೆ, ಬಲಗೈ ಮೇಲೆ ಹೋಗಿ ತಲೆಯಲ್ಲಿಲ್ಲದ ಟೋಪಿಯನ್ನು ಹಿಡಿದುಕೊಳ್ಳುತ್ತದೆ. ಒಳಗೆ ಎರಡು ಹೆಜ್ಜೆ ಇಟ್ಟ ಮೇಲೆಯೇ ಮನುಷ್ಯ ನೆಟ್ಟಗೆ ನಿಲ್ಲುವುದು. ನಂದಿದುರ್ಗ ಎಂಬ ಚಿನ್ನದ ಗಣಿಯ ಸುರಂಗಗಳಲ್ಲಿ ಹತ್ತು ವರ್ಷ ಓಡಾಡಿದ ದೇಹ ಅದು. ಗಣಿ ಮುಚ್ಚಿ ಕಾಲು ಶತಮಾನವಾಗುತ್ತ ಬಂತು. ಆ ಕತ್ತಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿದಂತಿಲ್ಲ.

ಬಾರಿಗೆ ಬರುತ್ತಾರೆ, ಕುಡಿಯುವುದಿಲ್ಲ. ಭಾನುವಾರ ಮಧ್ಯಾಹ್ನ ಮೂರೂವರೆಗೆ ಸರಿಯಾಗಿ, ಕಂಪನಿ ಕೊಟ್ಟಿದ್ದ ಖಾಕಿ ಕೋಟನ್ನು ಏಪ್ರಿಲ್ ಬಿಸಿಲಿನಲ್ಲೂ ಕತ್ತಿನ ಗುಂಡಿಯವರೆಗೆ ಹಾಕಿಕೊಂಡು ಬಂದು, ಗಲ್ಲಾದ ಪಕ್ಕದಲ್ಲಿ ನಿಂತು, ಉಪ್ಪು ಹಾಕಿದ ಒಂದೇ ಒಂದು ನಿಂಬೆ ಸೋಡವನ್ನು ತೊಂಬತ್ತು ನಿಮಿಷ ಕುಡಿಯುತ್ತಾರೆ. ಕುರ್ಚಿ ಎಳೆದುಕೊಟ್ಟರೆ, "ಆಡೋರೇ ನಿಂತವ್ರೆ, ನೋಡೋನ್ಗೇನ್ಲಾ ಕುರ್ಚಿ?" ಎನ್ನುತ್ತಾರೆ. ಈ ಮಾತಿನ ಭಯದಿಂದ, ಬಂಗಾರಪೇಟೆಯಿಂದ ಬಸ್ಸು ಹತ್ತಿ ಆಟ ನೋಡಲು ಹೋಗುವ ನಾನೂ ಕುರ್ಚಿಯ ಅಂಚಿನಲ್ಲೇ ಕೂರುವುದನ್ನು ರೂಢಿಸಿಕೊಂಡಿದ್ದೇನೆ.

ನಮ್ಮ ಕ್ಲಬ್ಬಿನ ಹೆಸರು ಉರಿಗಾಂ ಬಾಯ್ಸ್. ಕಾಲ್ಚೆಂಡು ಇಲ್ಲಿನವರ ರಕ್ತದಲ್ಲಿದೆ, ಆದರೆ ದೊಡ್ಡ ಚಾನೆಲ್ಲುಗಳು ನಮ್ಮ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಬೆಂಗಳೂರಿನಲ್ಲಿ ಪಂದ್ಯವಿದ್ದ ದಿನ ಕ್ಲಬ್ಬಿನವರೇ ಮೈದಾನದ ಅಂಚಿನಲ್ಲಿ ಮೊಬೈಲೊಂದನ್ನು ಕೋಲಿಗೆ ಸಿಕ್ಕಿಸಿ ಯೂಟ್ಯೂಬಿಗೆ ಬಿಡುತ್ತಾರೆ. ಬಾರಿನ ಮಾಲೀಕ ಅಂಬರೀಶ್ ಅದನ್ನು ಟಿವಿಗೆ ಹಾಕುತ್ತಾನೆ. ಅಷ್ಟು ಸಾಕು. ಮೂವತ್ತು ಜನ ಹಿಡಿಸುವ ಕೋಣೆಯಲ್ಲಿ ಅರವತ್ತು ಜನ, ಬೇಯಿಸಿದ ಕಡಲೆಕಾಯಿಯ ಹಬೆ, ರೆಫರಿಯ ವಂಶಕ್ಕೆ ಕನ್ನಡ ತಮಿಳು ತೆಲುಗು ಮೂರರಲ್ಲೂ ಸಹಸ್ರನಾಮಾರ್ಚನೆ! ಬಾಟಲಿ ತೆರೆದಿಟ್ಟು ಕುಡಿಯುವುದನ್ನೇ ಮರೆತವರನ್ನು ನಾನು ಆ ಬಾರಿನಲ್ಲಿ ಮಾತ್ರ ಕಂಡಿದ್ದೇನೆ.

ಒಂದೇ ತೊಡಕು. ಮೈದಾನದಿಂದ ಹೊರಟ ಚಿತ್ರ ಉರಿಗಾಂ ಮುಟ್ಟುವ ಹೊತ್ತಿಗೆ ಒಂದು ನಿಮಿಷ ಹಳೆಯದಾಗಿರುತ್ತದೆ. ಇದು ಬೆಳಕಿಗೆ ಬಂದದ್ದು ಒಂದು ಜಗಳದಿಂದ. ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಗಿರಿ, ಒಂದು ಭಾನುವಾರ, ಟಿವಿಯಲ್ಲಿ ನಮ್ಮ ಹುಡುಗ ಬೂಟಿನ ದಾರ ಕಟ್ಟಿಕೊಳ್ಳುತ್ತಿರುವಾಗಲೇ "ಗೋಲ್!" ಎಂದು ಮೇಜಿನ ಮೇಲೆ ಹತ್ತಿ ಕುಣಿದ. ಮೈದಾನದಲ್ಲಿದ್ದ ಗೆಳೆಯನಿಂದ ಅವನ ಮೊಬೈಲಿಗೆ ಸಂದೇಶ ಬಂದಿತ್ತು. ನಾವು ಅವನಿಗೆ ಏರಿದೆ ಎಂದುಕೊಂಡೆವು. ನಿಮಿಷ ಕಳೆದು ನಿಜವಾದ ಗೋಲು ಬಂದಾಗ ಯಾರೂ ಕೂಗಲಿಲ್ಲ. ಮದುವೆ ಮುಗಿದ ಮೇಲೆ ಬಂದ ವಾಲಗದವರನ್ನು ನೋಡುವಂತೆ ಸುಮ್ಮನೆ ನೋಡಿದೆವು.

ಮುಂದಿನ ಭಾನುವಾರ ಕೋದಂಡಪ್ಪನವರು ತಮ್ಮ ಹಳೆಯ ಗಣಿಟೋಪಿಯನ್ನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಅಂಗಾತ ತಿರುಗಿಸಿ ಇಟ್ಟರು. "ಬಿಲ್ಲೆ ಆಕಿ ಇಳೀರ್ಲಾ," ಎಂದರು. ಗಣಿಗೆ ಇಳಿಯುವಾಗ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೇಲೆ ಕೊಟ್ಟು ಇಳಿಯಬೇಕಿತ್ತು. ಯಾರು ಒಳಗಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಅಂದಿನಿಂದ ಆಟ ಮುಗಿಯುವವರೆಗೆ ಎಲ್ಲರ ಮೊಬೈಲೂ ಆ ಟೋಪಿಯಲ್ಲಿ. ಕೋದಂಡಪ್ಪನವರ ಗುಂಡಿ ಒತ್ತುವ ಹಳೆಯ ಫೋನು ಮಾತ್ರ ಕೋಟಿನ ಜೇಬಿನಲ್ಲೇ ಉಳಿಯಿತು.

"ನಿಮ್ಮ ಬಿಲ್ಲೆ ಎಲ್ಲಿ ತಾತಾ?" ಎಂದು ಗಿರಿ ಕೆಣಕಿದ.

"ಬಾಯಾಗ್ ನಿಂತೋನು ಕೆಳುಕ್ ಇಳಿಯಲ್ಲ ಕಣ್ಲಾ. ಅವ್ನಿಗ್ಯಾತರ ಬಿಲ್ಲೆ?"

ಅವರು ನಿಂತಿದ್ದು ಗಣಿಯೊಳಗೆ ನೇರ ಇಳಿಯುವ ಶಾಫ್ಟಿನ ಬಾಯಲ್ಲಿ. ಸುರಂಗದ ಹತ್ತು ವರ್ಷಗಳ ನಂತರ ಸಿಕ್ಕ ಕೆಲಸ ಅದು: ಕೆಳಗಿನಿಂದ ಬರುವ ಗಂಟೆಯ ಸನ್ನೆಯನ್ನು ಕೇಳಿ, ಆಳುಗಳನ್ನು ಹೊತ್ತ ಕೇಜನ್ನು ಏರಿಸಲು ಇಳಿಸಲು ಹೇಳುವುದು. ಒಂದೇ ಹೊಡೆತವೆಂದರೆ ನಿಲ್ಲಿಸು. ಮೂರು ಹೊಡೆತವೆಂದರೆ ಒಳಗೆ ಮನುಷ್ಯರಿದ್ದಾರೆ, ಜೋಪಾನ. ಅದೇ ಲೆಕ್ಕ ಈಗ ಬಾರಿಗೂ ಬಂದಿದೆ. ಗಲ್ಲಾದ ಮೇಲೆ ಗಣಿಯ ಟ್ರಾಲಿ ಕಂಬಿಯ ತುಂಡೊಂದನ್ನು ತೂಗುಹಾಕಿದ್ದಾರೆ. ಎದುರಾಳಿ ಗೋಲು ಹೊಡೆದರೆ ಅದರ ಮೇಲೆ ಒಂದೇ ಏಟು, ಆಮೇಲೆ ಸ್ಮಶಾನಮೌನ; ನಮ್ಮವರು ಗೋಲು ಹೊಡೆದರೂ, ಹೊಡೆಯಲು ಬಂದದ್ದನ್ನು ತಡೆದರೂ ಮೂರು ಏಟು. ಅದೇ ಕಂಬಿಯ ಇನ್ನೊಂದು ತುಂಡನ್ನು ಬಂಗಾರಪೇಟೆಯ ನಿವೃತ್ತ ಡ್ರಿಲ್ ಮೇಷ್ಟರು ಶ್ರೀನಿವಾಸಪ್ಪನವರು ಗೋಣಿಚೀಲದಲ್ಲಿ ಸುತ್ತಿಕೊಂಡು ಪ್ರತಿ ಪಂದ್ಯಕ್ಕೂ ಬೆಂಗಳೂರಿಗೆ ಹೊರುತ್ತಾರೆ. ಮೈದಾನದಲ್ಲೂ ಏಟಿನ ಲೆಕ್ಕ ಅದೇ.

ಕೋದಂಡಪ್ಪನವರ ಮುಖದ ಬಗ್ಗೆ ಹೇಳಲೇಬೇಕು. ಅದು ಏನನ್ನೂ ಹೇಳದ ಮುಖ. ನಾಲ್ಕು ಗೋಲಿನಿಂದ ಗೆದ್ದಾಗಲೂ ಅಷ್ಟೇ, ಸೋತು ಸುಣ್ಣವಾದಾಗಲೂ ಅಷ್ಟೇ. ಮೊದಮೊದಲು ನನಗೆ ಇದು ಜಂಬವೆನಿಸಿತ್ತು. ಆಮೇಲೆ ಅಂಬರೀಶ್ ಹೇಳಿದ ಕಥೆ ಇದು. ನಲವತ್ತು ವರ್ಷಗಳ ಹಿಂದೆ ಒಂದು ದಿನ ಗಣಿಯ ಆಳದಲ್ಲಿ ಬಂಡೆ ಸಿಡಿಯಿತು. ಹೆಂಗಸರೆಲ್ಲ ಗೇಟಿನ ಹತ್ತಿರ ಬಂದು ನಿಂತರು. ಅವರ ನಡುವೆ ಕೋದಂಡಪ್ಪನವರ ಹೆಂಡತಿ ನರಸಮ್ಮ. ಆಕೆಯ ಒಡಹುಟ್ಟಿದ ಅಣ್ಣ ಕೆಳಗಿದ್ದ. ಬದುಕಿದವರ ಹೆಸರುಗಳು ಕೆಳಗಿನ ಟೆಲಿಫೋನಿನಿಂದ ಮೊದಲು ಮುಟ್ಟಿದ್ದು ಕೋದಂಡಪ್ಪನವರ ಕಿವಿಗೆ. ಅಣ್ಣನ ಹೆಸರಿತ್ತು. ಗೇಟಿನತ್ತ ತಿರುಗಿ ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು, ಆ ಹೆಣ್ಣುಜೀವ ಉಸಿರಾಡುತ್ತಿತ್ತು. ಆಡಿಸಲಿಲ್ಲ. ನರಸಮ್ಮನ ಎಡಕ್ಕೂ ಬಲಕ್ಕೂ ನಿಂತಿದ್ದ ಇಬ್ಬರ ಗಂಡಂದಿರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಕೇಜು ಮೇಲೆ ಬರುವವರೆಗೆ ಒಂದು ಗಂಟೆ ಹೊತ್ತು ಕೋದಂಡಪ್ಪನವರು ಕಲ್ಲಿನಂತೆ ನಿಂತರು. "ನನ್ಗಾದ್ರೂ ಯೋಳ್ಬೋದಿತ್ತು," ಎಂದು ನರಸಮ್ಮ ಈಗಲೂ, ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಗಂಡ ಅಂದ ದಿನ, ತಪ್ಪದೆ ಹೇಳುತ್ತಾರಂತೆ.

ಈಗ ಮೊಮ್ಮಗಳು ಲಿಖಿತಳ ವಿಷಯ. ಬಂಗಾರಪೇಟೆಯಲ್ಲಿ ಬಿ.ಕಾಂ. ಓದುವ ಹುಡುಗಿ, ಕ್ಲಬ್ಬಿನ ಹೆಣ್ಣುಮಕ್ಕಳ ತಂಡದ ಗೋಲ್‌ಕೀಪರ್. ಅವರ ಜೆರ್ಸಿಯ ಬೆನ್ನಿನ ಮೇಲೂ ಇರುವುದು ‘ಉರಿಗಾಂ ಬಾಯ್ಸ್’ ಎಂದೇ. ಹೆಸರು ಬದಲಿಸುವ ಮಾತು ಮೂರು ವರ್ಷಗಳಿಂದ ಕಮಿಟಿಯಲ್ಲಿ ನಡೆಯುತ್ತಲೇ ಇದೆ. ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಕೆಳಗಿನ ಬಯಲಿನಲ್ಲಿ, ಖಾಕಿ ಕೋಟಿನಲ್ಲೇ, ತಾತ ಚೆಂಡು ಒದೆದು ಒದೆದು ಅವಳನ್ನು ತಯಾರು ಮಾಡಿದ್ದರು. "ಚೆಂಡ್ ನೋಡ್ಬ್ಯಾಡ ಕಣಮ್ಮಿ, ಒದಿಯೋಳ ಸೊಂಟ ನೋಡು. ಕಾಲು ಸುಳ್ಳೇಳ್ತದೆ, ಸೊಂಟ ಯೋಳಾಕಿಲ್ಲ," ಎಂಬುದು ಅವರ ಉಪದೇಶ. ಈ ವರ್ಷ ಕಮಿಟಿಯವರು ಖಂಡಿತವಾಗಿ ಹೇಳಿಬಿಟ್ಟರು: ಎರಡೆರಡು ತಂಡ ನಡೆಸುವ ಶಕ್ತಿ ನಮಗಿಲ್ಲ, ಹುಡುಗಿಯರು ಮೇಲಿನ ದರ್ಜೆಗೆ ಏರಿದರೆ ಸರಿ, ಇಲ್ಲದಿದ್ದರೆ ತಂಡ ಮುಚ್ಚುತ್ತೇವೆ. ಮುಚ್ಚುವುದು ಎಂಬ ಮಾತನ್ನು ಕೋದಂಡಪ್ಪನವರು ಜೀವನದಲ್ಲಿ ಒಮ್ಮೆ ಕೇಳಿದ್ದರು. ಎರಡನೆಯ ಸಲ ಕೇಳುವ ಮನಸ್ಸು ಅವರಿಗಿರಲಿಲ್ಲ.

ಕೊನೆಯ ಪಂದ್ಯ. ಸಮ ಮಾಡಿಕೊಂಡರೆ ಸಾಕು, ಏರುತ್ತಾರೆ. ಸೋತರೆ ಕಥೆ ಮುಗಿಯಿತು. ನರಸಮ್ಮ ಬೆಳಿಗ್ಗೆಯೇ ಹುಳಿಯನ್ನದ ಡಬ್ಬಿ ಕಟ್ಟಿಕೊಂಡು ತಂಡದ ಜೊತೆ ರೈಲು ಹತ್ತಿದ್ದರು. ಇತ್ತ ಬಾರಿನಲ್ಲಿ ಕಾಲಿಡಲು ಜಾಗವಿಲ್ಲ. ಹುಡುಗಿಯರ ಆಟ ಏನು ನೋಡುವುದು ಎಂದು ಹಿಂದಿನ ವರ್ಷ ಮೂಗು ಮುರಿದವರೇ ಮುಂದಿನ ಸಾಲಿನಲ್ಲಿದ್ದರು. ಒಂದಕ್ಕೆ ಒಂದು, ಸಮ. ಎಂಬತ್ತನೆಯ ನಿಮಿಷ, ಎಂಬತ್ತೈದು. ಲಿಖಿತ ಗಾಳಿಯಲ್ಲಿ ತೇಲಿ ಒಂದನ್ನು ಗುದ್ದಿ ಹೊರಗಟ್ಟಿದಳು, ಕಂಬಿ ಮೂರು ಸಲ ಮೊಳಗಿತು, ಯಾರದೋ ಗ್ಲಾಸು ಒಡೆಯಿತು, ಅಂಬರೀಶ್ ಬೈಯುವುದನ್ನೂ ಮರೆತ. ಎಂಬತ್ತೊಂಬತ್ತನೆಯ ನಿಮಿಷದಲ್ಲಿ ನಮ್ಮ ಹುಡುಗಿಯೊಬ್ಬಳ ಕೈಗೆ ಚೆಂಡು ತಗುಲಿತು. ರೆಫರಿ ಬೆರಳು ತೋರಿಸಿದ. ಪೆನಾಲ್ಟಿ!

ಬಾರು ಎದ್ದು ನಿಂತಿತು. ಟಿವಿಯಲ್ಲಿ ನಮ್ಮ ಹುಡುಗಿಯರು ರೆಫರಿಯನ್ನು ಮುತ್ತಿಕೊಂಡು ವಾದಿಸುತ್ತಿದ್ದರು. ಸರಿಯಾಗಿ ಆಗ ಕೋದಂಡಪ್ಪನವರ ಕೋಟಿನ ಜೇಬು ಕಿರಿಗುಟ್ಟಿತು.

ಅರವತ್ತು ತಲೆಗಳು ಒಟ್ಟಿಗೆ ತಿರುಗಿದವು. ಆ ನಂಬರಿಗೆ ಫೋನು ಮಾಡುವವರು ಲೋಕದಲ್ಲಿ ಒಬ್ಬರೇ, ಮತ್ತು ಅವರು ಮೈದಾನದಲ್ಲಿದ್ದರು. ನಾವು ಇನ್ನೂ ನೋಡಬೇಕಾದದ್ದು ಅಲ್ಲಿ ಈ ಕ್ಷಣ ನಡೆದುಹೋಗುತ್ತಿತ್ತು. "ಎತ್ಬೇಡಿ ತಾತಾ!" ಎಂದು ಗಿರಿ ಕಿರುಚಿದ. "ಎತ್ತಿ, ಎತ್ತಿ!" ಎಂದರು ನಾಲ್ವರು. ನಿಯಮ ಮಾಡಿದವರು ಅವರೇ. ಫೋನು ಐದು ಸಲ ಬಡಿದುಕೊಂಡಿತು. ಕೋದಂಡಪ್ಪನವರು ಎತ್ತಿದರು.

ಅವರಿಗೆ ಕೇಳಿಸಿದ್ದು ಏನೆಂದು ಅವರೇ ಆಮೇಲೆ ಹೇಳಿದರು. ನರಸಮ್ಮ ಅಳುತ್ತಿದ್ದರು. "ನನ್ ಕೈಲಿ ನೋಡಕ್ಕಾಗ್ತಿಲ್ಲ, ಕಣ್ಣು ಮುಚ್ಕೊಂಡಿವ್ನಿ. ನೀನು ಟೀವಿ ಮುಂದಿದ್ದೀಯಲ್ಲ, ಏನಾಯ್ತು ಯೋಳಯ್ಯಾ!" ಮೈದಾನದಲ್ಲೇ ಕೂತವರು, ಒಂದು ನಿಮಿಷ ಹಿಂದೆ ಬಿದ್ದ ಟಿವಿಯ ಮುಂದೆ ನಿಂತ ಗಂಡನನ್ನು ಕೇಳುತ್ತಿದ್ದಾರೆ! ಬೇರೆ ಯಾರಾದರೂ ಆಗಿದ್ದರೆ ನಕ್ಕು, ನೀನೇ ನೋಡು ಎನ್ನುತ್ತಿದ್ದರು. ಕೋದಂಡಪ್ಪನವರು ಕಿವಿಯನ್ನು ಫೋನಿಗೆ ಒತ್ತಿಕೊಂಡರು, ಹಿಂದೆ ಕೆಳಗಿನ ಗಂಟೆಗೆ ಒತ್ತಿಕೊಳ್ಳುತ್ತಿದ್ದಂತೆಯೇ. ಸೀಟಿ ಕೇಳಿಸಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಂದು ದೊಡ್ಡ ಬೊಬ್ಬೆ. ಯಾರದೆಂದು ತಿಳಿಯದ ಬೊಬ್ಬೆ. ಅದರೊಳಗಿಂದ ಶ್ರೀನಿವಾಸಪ್ಪನವರ ಕಂಬಿಯ ಏಟು.

ಒಂದು.

"ಆ ಒಂದ್ ಏಟ್ಗೆ ನನ್ ಎದೆ ನಿಂತೋಯ್ತು," ಎಂದರು ನಮಗೆ ಆಮೇಲೆ. ಇನ್ನೊಂದು ಬರದಿದ್ದರೆ ತಂಡ ಮುಚ್ಚಿದಂತೆ. ಮೇಷ್ಟರ ವಯಸ್ಸಾದ ಕೈ, ಕಂಬಿಯ ಭಾರ, ಎಲ್ಲ ಸೇರಿ ಆ ಇನ್ನೊಂದು ಬರಲು ಯುಗವೇ ಹಿಡಿಯಿತು. ಎರಡು. ಮೂರು!

ಇಷ್ಟಾದರೂ ಆ ಮುಖದಲ್ಲಿ ಒಂದು ನರವೂ ಅಲುಗಲಿಲ್ಲವಲ್ಲ! "ಏನಾಯ್ತು ಅಣ್ಣಾ?" "ಎನ್ನಾಚ್ಚು ತಾತಾ?" "ಏಮೈಂದಿ?" ಎಂದು ಮೂರು ಭಾಷೆಗಳು ಒಟ್ಟಿಗೆ ಕೇಳಿದವು. ಅವರು ನಮ್ಮತ್ತ ನೋಡಲಿಲ್ಲ. ಫೋನಿಗೆ ಮಾತ್ರ, ನಾನು ಅವರ ಬಾಯಿಂದ ಎಂದೂ ಕೇಳದ ಮೆತ್ತನೆಯ ದನಿಯಲ್ಲಿ, "ಕಣ್ ಬುಡಮ್ಮಿ," ಎಂದರು. ಅಷ್ಟೇ. ಫೋನು ಜೇಬಿಗೆ ಹೋಯಿತು, ಕಣ್ಣು ಟಿವಿಗೆ ಹೋಯಿತು.

ಕಣ್ಣು ಬಿಡು ಎಂದರೆ ಏನರ್ಥ? ಗೆದ್ದೆವು, ನೋಡು ಎಂದೋ? ಮುಗಿಯಿತು, ಇನ್ನು ಅತ್ತು ಫಲವಿಲ್ಲ ಎಂದೋ? ಅರವತ್ತು ಜನ ಆ ಮುಖವನ್ನು ಜಾತಕದಂತೆ ಓದತೊಡಗಿದೆವು. ರೆಪ್ಪೆ ನೋಡಿದೆವು, ತುಟಿ ನೋಡಿದೆವು, ಸೋಡದ ಗ್ಲಾಸು ಹಿಡಿದ ಕೈ ನೋಡಿದೆವು. ಒಮ್ಮೆಲೇ ಅವರ ಎಡಗೈ ಚೆಂಡು ತಡೆಯುವಂತೆ ತಾನಾಗಿ ಪಕ್ಕಕ್ಕೆ ಚಿಮ್ಮಿ, ಸೋಡವೆಲ್ಲ ಗಿರಿಯ ಅಂಗಿಯ ಮೇಲೆ ಚೆಲ್ಲಿತು. ಗಾಬರಿಯಿಂದ ಟಿವಿಯತ್ತ ತಿರುಗುವಷ್ಟರಲ್ಲಿ, ಅಲ್ಲಿ ಹತ್ತು ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಗೋಪುರವಾಗಿದ್ದರು. ಎಲ್ಲರ ಕೆಳಗೆ ಗೋಲ್‌ಕೀಪರಳ ಹಸಿರು ಕೈಗವಸು ಮಾತ್ರ ಕಾಣುತ್ತಿತ್ತು. ಅದು ಚೆಂಡನ್ನು ಅಪ್ಪಿಕೊಂಡಿತ್ತು.

ಆ ವರ್ಷದ, ಆ ಕ್ಲಬ್ಬಿನ, ಬಹುಶಃ ನಮ್ಮೆಲ್ಲರ ಜೀವಮಾನದ ಅತಿ ದೊಡ್ಡ ಕ್ಷಣವನ್ನು ಇಡೀ ತ್ರಿವೇಣಿ ಬಾರಿನಲ್ಲಿ ನೋಡಿದವರು ಒಬ್ಬರೇ. ಉಳಿದ ನಾವು ಒಬ್ಬ ಮುದುಕನ ಮುಖ ನೋಡುತ್ತಿದ್ದೆವು! ಅಂಬರೀಶ್ ಆಮೇಲೆ ಅದನ್ನು ಹಿಂದಕ್ಕೆಳೆದು ಹತ್ತು ಸಲ ತೋರಿಸಿದನೆನ್ನಿ. ತಂಗಳು ಎಷ್ಟು ಬಿಸಿ ಮಾಡಿದರೂ ತಂಗಳೇ. ಆದರೆ ಆಗ ಯಾರಿಗೆ ಅದರ ಪರಿವೆ? ಗಿರಿ ಒದ್ದೆ ಅಂಗಿಯಲ್ಲೇ ತಾತನನ್ನು ಎತ್ತಿಕೊಂಡ, ನಾನು ಯಾರನ್ನು ಅಪ್ಪಿಕೊಂಡೆನೋ ನನಗೆ ಗೊತ್ತಿಲ್ಲ, ಕಂಬಿಯ ಮೇಲೆ ಬಿದ್ದ ಏಟುಗಳನ್ನು ಯಾರೂ ಎಣಿಸಲಿಲ್ಲ. ಆ ಗದ್ದಲದ ನಡುವೆ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಕೋದಂಡಪ್ಪನವರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅವರು ಮೊದಲ ಸಲ ಕುರ್ಚಿಯ ಮೇಲೆ ಕೂತದ್ದೂ ಆಗಲೇ.

ಒಂದಕ್ಕೆ ಒಂದರಲ್ಲೇ ಆಟ ಮುಗಿದು ತಂಡ ಮೇಲಿನ ದರ್ಜೆಗೆ ಏರಿತು. ಸಂಜೆ ಬಂಗಾರಪೇಟೆಯ ಸ್ಟೇಷನ್ನಿಗೆ ಎಲ್ಲರೂ ಹೋಗಿದ್ದೆವು. ರೈಲಿನಿಂದ ಇಳಿದ ನರಸಮ್ಮ ಹಾರವನ್ನೂ ತಮಟೆಯನ್ನೂ ದಾಟಿಕೊಂಡು ನೇರ ಗಂಡನ ಹತ್ತಿರ ಬಂದರು. "ಈ ಸಲ ನೀನ್ ಯೋಳ್ಬುಟ್ಟೆ," ಎಂದರು. ಕೋದಂಡಪ್ಪನವರು ಖಾಲಿಯಾದ ಹುಳಿಯನ್ನದ ಡಬ್ಬಿಯನ್ನು ಆಕೆಯ ಕೈಯಿಂದ ತೆಗೆದುಕೊಂಡರು.

ಸುದ್ದಿ ಸಿಕ್ಕಿದ ತಕ್ಷಣ ಮೊದಲು ತಾನೇ ಹೇಳಬೇಕೆಂದು ಬಾಯಿ ತುರಿಸುವ ಕಾಲವಿದು. ನಾನೂ ಅದಕ್ಕೆ ಹೊರತಲ್ಲ. ಆದರೆ ಕೆಲವರು ಇರುತ್ತಾರೆ, ಎಲ್ಲರಿಗಿಂತ ಮೊದಲು ತಿಳಿದು ಎಲ್ಲರಿಗಿಂತ ಕೊನೆಗೆ ನಗುವವರು, ಕೊನೆಗೆ ಅಳುವವರು. ಅವರನ್ನು ನಾವು ಕಲ್ಲೆದೆಯವರೆಂದು ಆಡಿಕೊಳ್ಳುತ್ತೇವೆ. ತಮ್ಮ ಪಾಲಿನ ಸಂತೋಷವನ್ನು ಪಕ್ಕದಲ್ಲಿ ನಿಂತವರ ಸಲುವಾಗಿ ಒಂದು ನಿಮಿಷ, ಒಂದು ಗಂಟೆ, ಬೇಕಾದರೆ ನಲವತ್ತು ವರ್ಷ ತಡೆಹಿಡಿಯಬಲ್ಲ ಜನ ಅವರು. ಗಣಿಗಳು ಮುಚ್ಚಿಹೋದರೂ ಅಂಥವರ ಕೆಲಸ ಮುಗಿಯುವುದಿಲ್ಲ. ನಾವು ಇಳಿದವರೆಲ್ಲ ಕ್ಷೇಮವಾಗಿ ಮೇಲೆ ಬರುವವರೆಗೆ, ಬಿಲ್ಲೆ ಕೊಡದೆ, ಕುರ್ಚಿ ಕೇಳದೆ, ಅವರು ಬಾಯಲ್ಲಿ ನಿಂತೇ ಇರುತ್ತಾರೆ.