ಇಂಚಣ್ಣನ ಅಳತೆ ಪುಸ್ತಕದಲ್ಲಿ ಸಿಕ್ಕ ಮಕ್ಕಳು

ಬೀದಿಯವರೆಲ್ಲ ಇಂಚಣ್ಣ ಎಂದೇ ಕರೆಯುವ ಆ ದರ್ಜಿಯಷ್ಟು ಕರಾರುವಾಕ್ಕಾದ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಹಾರಿಹೋಗುವ ನೊಣವನ್ನು ಕಣ್ಣಲ್ಲೇ ಅಳೆದು ಸೊಂಟ ಎಷ್ಟೆಂದು ಹೇಳಬಲ್ಲ. ನಂಬಿಕೆ ಇಲ್ಲದಿದ್ದರೆ ನೊಣವನ್ನೇ ಕೇಳಿ. ಅಂಥವನು ಒಂದು ವಾರದಿಂದ ಕತ್ತರಿ ಮುಟ್ಟಿರಲಿಲ್ಲ. ಶಾಲೆಯ ಸಮವಸ್ತ್ರಕ್ಕೆಂದು ತಂದ ನೀಲಿ ಬಟ್ಟೆಯ ಥಾನು ಮೂಲೆಯಲ್ಲಿ ನಿಂತಿತ್ತು. ಅವನು ಅದಕ್ಕೆ ಬೆನ್ನು ಹಾಕಿ ಕೂತಿದ್ದ.

ಶಾಲೆಯ ಬಾಗಿಲಿಗೆ ನೋಟೀಸು ಅಂಟಿಸಿದ್ದರು. ಮಕ್ಕಳು ನಲವತ್ತಕ್ಕಿಂತ ಕಡಿಮೆಯಾಗಿದ್ದಾರಂತೆ, ಶಾಲೆ ಮುಚ್ಚುತ್ತಾರಂತೆ, ತಕರಾರಿದ್ದವರು ಸೋಮವಾರ ಬಂದು ಹೇಳಬೇಕಂತೆ. ಮುಚ್ಚಿದರೆ ಅವನ ಎಂಟು ವರ್ಷದ ಮಗಳು ದಿನಾ ಹೆದ್ದಾರಿ ದಾಟಿ ಬೇರೆ ಶಾಲೆಗೆ ಹೋಗಬೇಕು. ಆ ಹೆದ್ದಾರಿಯ ಲಾರಿಗಳ ಸಾಲು ಎಷ್ಟು ಉದ್ದವೆಂದರೆ, ದಾಟಲು ನಿಂತ ಹುಡುಗರು ದಾಟುವ ಹೊತ್ತಿಗೆ ಅಜ್ಜಂದಿರಾಗಿರುತ್ತಾರೆ. ಅಲ್ಲೇ ಅವನ ತಮ್ಮನ ಕಾಲು ಹೋಗಿತ್ತು. ಇದಕ್ಕೆ ಮಾತ್ರ ನಾನು ಒಂದು ಎಳೆಯನ್ನೂ ಸೇರಿಸಿಲ್ಲ.

ಬಸ್ ಕಂಡಕ್ಟರ್ ಆಗಿದ್ದ ಹೆಂಡತಿ ಪಾಳಿ ಮುಗಿಸಿ ಬಂದವಳು ಚೀಲ ಕೆಳಗಿಡುವ ಮೊದಲೇ ಕೇಳಿದಳು, "ಎಷ್ಟು ಮಕ್ಕಳಂತೆ ರೀ?"

"ಮೂವತ್ತಾರು ಕಣೇ. ಹೋದ ವರ್ಷದ ಲೆಕ್ಕ, ಇಲಾಖೆ ವೆಬ್‌ಸೈಟಲ್ಲೇ ಹಾಕಿದಾರೆ."

"ಹೋದ ವರ್ಷ ನೀವೆಷ್ಟು ಮಕ್ಕಳಿಗೆ ಹೊಲಿದ್ರಿ?"

ಅವನು ಅಳತೆ ಪುಸ್ತಕ ತೆಗೆದ. ಮಗುವಿಗೊಂದು ಸಾಲು: ಭುಜ, ಎದೆ, ಉದ್ದ. ಬೆರಳಿಟ್ಟು ಎಣಿಸಿದ. ಮತ್ತೊಮ್ಮೆ ಎಣಿಸಿದ. "ಅರವತ್ತೇಳು."

"ಹಾಗಾದ್ರೆ ಉಳಿದ ಮೂವತ್ತೊಂದು ಸಮವಸ್ತ್ರ ಯಾರು ಹಾಕ್ಕೊಂಡ್ರು? ನಿಮ್ಮ ನೊಣಗಳಾ? ಏಳಿ, ದಿನಾ ತಲೆ ಎಣಿಸೋಳು ನಾನು, ನನಗೇ ಲೆಕ್ಕ ತಪ್ಪಿಸ್ತಾರಾ!"

ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹತ್ತು ವರ್ಷದ ಪಟ್ಟಿ ಯಾರು ಬೇಕಾದರೂ ನೋಡುವಂತೆ ಇತ್ತು. ಅಚ್ಚು ಹಾಕಿಸಿ, ಹಾಳೆಗಳನ್ನು ಅಂಟಿಸಿ ಅಂಗಡಿಯ ಮೇಜಿನ ಮೇಲೆ ಹಾಸಿದರು. ಪೂರ್ತಿ ಬಿಡಿಸಿದ್ದರೆ ಚಂದ್ರನಿಗೆ ಶಾಲು ಹೊದಿಸಬಹುದಿತ್ತು. ಮಕ್ಕಳ ಮನೆಮಾತಿಗೆ ಮೂರು ಕಾಲಂ, ಕೊನೆಯಲ್ಲಿ 'ಇತರೆ' ಎಂದೊಂದು. ಇಂಚಣ್ಣ ಟೇಪನ್ನು ಸಾಲಿನ ಕೆಳಗೆ ಇಟ್ಟು ಒಂದೊಂದೇ ವರ್ಷ ಸರಿಸುತ್ತ ಬಂದ. ಏಳು ವರ್ಷ 'ಇತರೆ'ಯಲ್ಲಿ ಸೊನ್ನೆ. ಆಮೇಲೆ ಒಂಬತ್ತು. ಆಮೇಲೆ ಇಪ್ಪತ್ತು. ಹೋದ ವರ್ಷ ಮೂವತ್ತೊಂದು.

"ಸೇತುವೆ ಕೆಲಸಕ್ಕೆ ಬಂದವರ ಮಕ್ಕಳು ಕಣೇ! ಅವರ ಮಾತೇ ಬೇರೆ. ಅಳತೆ ತಗೊಳ್ಳುವಾಗ ಕೈ ಎತ್ತು ಅನ್ನೋಕೆ ನಾನೇ ಕೈ ಎತ್ತಿ ಕುಣಿದಿದ್ದೀನಿ."

ಹೆಂಡತಿ ಅಡ್ಡಸಾಲು ಕೂಡಿಸಿದಳು. ಒಟ್ಟು ಎಂದು ಬರೆದ ಜಾಗದಲ್ಲಿ ಮೊದಲ ಮೂರು ಕಾಲಂ ಮಾತ್ರ ಸೇರಿದ್ದವು. ಸೊನ್ನೆ ಇದ್ದಾಗ ಯಾರಿಗೂ ಗೊತ್ತಾಗಿರಲಿಲ್ಲ. ಮಕ್ಕಳು ಬಂದಾಗಲೂ ಯಾರೂ ನೋಡಿರಲಿಲ್ಲ.

ಸೋಮವಾರ ಇಲಾಖೆಯ ಕಚೇರಿಯಲ್ಲಿ ಇಂಚಣ್ಣ ಅಳತೆ ಪುಸ್ತಕದ ಹಾಳೆಗಳನ್ನು ಎಷ್ಟು ಬೇಗ ಮಗುಚಿ ತೋರಿಸಿದನೆಂದರೆ ಅಲ್ಲಿನ ಫ್ಯಾನು ನಾಚಿ ನಿಂತಿತು. ಅಧಿಕಾರಿ ಅಳತೆ ಪುಸ್ತಕವನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿದರು.

"ದರ್ಜಿ ಪುಸ್ತಕ ದಾಖಲೆ ಆಗಲ್ಲಪ್ಪ."

ಹೆಂಡತಿ ಮುಂದೆ ಬಂದಳು. "ಅದನ್ನ ಬಿಡಿ ಸಾಹೇಬ್ರೆ. ಇದು ನಿಮ್ಮದೇ ಹಾಳೆ. ಈ ಸಾಲು ಸ್ವಲ್ಪ ಕೂಡಿಸಿ."

ಅವರು ಕೂಡಿಸಿದರು. ಕನ್ನಡಕ ಒರೆಸಿ ಮತ್ತೆ ಕೂಡಿಸಿದರು. ನೀರು ಕುಡಿದು ಮೂರನೇ ಸಲ ಕೂಡಿಸಿದರು. ಆಮೇಲೆ ಮುಚ್ಚುವ ಆದೇಶದ ಮೇಲೆ 'ರದ್ದು' ಎಂದು ಬರೆದು ಸಹಿ ಹಾಕಿ, ಮೊಹರು ಒತ್ತಿದರು.

ಹೊರಗೆ ಮೆಟ್ಟಿಲ ಮೇಲೆ ಕುಸಿದು ಕೂತು ಇಂಚಣ್ಣ ಬಿಟ್ಟ ನಿಟ್ಟುಸಿರಿಗೆ ಎದುರುಮನೆಯ ಒದ್ದೆ ಬಟ್ಟೆಯೆಲ್ಲ ಒಣಗಿತು. ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು.

ಅಂಗಡಿಗೆ ಬಂದವನೇ ನೀಲಿ ಥಾನು ಹಾಸಿ, ಮಗಳ ಲಂಗಕ್ಕೆ ಮೊದಲು ಗುರುತು ಹಾಕಿದ.

"ಕೆಳಗೆ ಮಡಿಕೆ ಎಷ್ಟು ಬಿಡ್ತೀರಿ?" ಹೆಂಡತಿ ಕೇಳಿದಳು.

"ಮೂರಿಂಚು," ಎಂದು ಇಂಚಣ್ಣ ಕತ್ತರಿ ಎತ್ತಿಕೊಂಡ. "ಇನ್ನು ಇಲ್ಲೇ ತಾನೇ ಬೆಳೆಯೋದು."