ಮಿಷನ್ನಿನ ಹಗ್ಗ

“ಏಳಲೇ ಹುಸೇನ್ಯಾ! ಮಿಷನ್ನಿನ ಪೂಜಿಗೆ ಕುಂಡಿ ಅಡ್ಡ ಇಟ್ಟೀಯಲ್ಲ, ಸೂಳಿಮಗನ!”

ಧಣಿ ಹಂಪಣ್ಣ ಒದರಿದರೂ ಹುಸೇನಪ್ಪ ಏಳಲಿಲ್ಲ. ಹನುಮಸಾಗರದಾಚೆಯ ಕಲ್ಲಿನ ಕ್ವಾರಿಯಲ್ಲಿ ಅಂದು ಆಯುಧಗಳ ಖಂಡೇಪೂಜೆ. ತೊಳೆದು ಸಾಲಾಗಿ ನಿಲ್ಲಿಸಿದ ಕಂಪ್ರೆಸರು, ಡ್ರಿಲ್ ಮಿಷನ್ನುಗಳ ನಡುವೆ ಅವನು ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಹಣೆಗೆ ತಾನೇ ವಿಭೂತಿ ಬಳಿದುಕೊಂಡು, ಕಂಪ್ರೆಸರಿನ ಚೆಂಡುಹೂವಿನ ಹಾರ ಕಿತ್ತು ಕೊರಳಿಗೆ ಹಾಕಿಕೊಂಡಿದ್ದ.

“ನಾನೂ ಮಿಷನ್ನ ಅದೀನ್ರಿ ಧಣಿ. ನಂಗೂ ಒಂದು ಕಾಯಿ ಒಡೀರಿ.”

ಧಣಿ ಹಂಪಣ್ಣನ ಮೀಸೆ ಕುಣಿಯಿತು. “ಯಾವ ಕಂಪನಿ ಮಿಷನ್ನಲೇ ನೀನು?”

“ಅವನ ಹೇಣ್ತಿ ಮಾರೆವ್ವನ ಕಂಪನೀರಿ,” ಜಲ್ಲಿ ಒಡೆಯುವ ದಾವಲಬೀ ಸೆರಗಿನ ಮರೆಯಿಂದಲೇ ಅಂದಳು. “ಎರಡು ರೊಟ್ಟಿ ಹಾಕಿದ್ರ ದಿನಾ ಓಡತೈತಿ. ಡೀಜೆಲ್ ಬ್ಯಾಡ.”

ಮಾರೆವ್ವ, ನಾಲ್ಕು ಮಕ್ಕಳು, ಎಲ್ಲರ ಗಂಜಿಯೂ ಹುಸೇನಪ್ಪ ಅರವತ್ತಡಿಯ ಬಂಡೆಗೆ ಜೋತುಬಿದ್ದು ಕುಳಿ ಕೊರೆಯುವುದರಲ್ಲಿತ್ತು. ಕ್ವಾರಿಯ ಪದ್ಧತಿಯೊಂದಿತ್ತು: ಹೊಸ ಹಗ್ಗ ಮೊದಲು ಮಿಷನ್ನಿಗೆ, ಸವೆದು ಜೂಲುಜೂಲಾದ ಮೇಲೆ ಮನುಷ್ಯನ ಸೊಂಟಕ್ಕೆ. ಹೋದ ತಿಂಗಳು ಅಂಥದೊಂದು ಹರಿದು, ಕುಳಿ ಕೊರೆಯುತ್ತಿದ್ದ ಈಶಪ್ಪ ಬಿದ್ದು ಹಾಸಿಗೆ ಹಿಡಿದಿದ್ದ. ಹರಿದ ಆ ಹಗ್ಗಕ್ಕೇ ಗಂಟು ಬಿಗಿದಿದ್ದರು. ನಾಳೆ ಅದು ಹುಸೇನಪ್ಪನ ಸೊಂಟಕ್ಕೆ.

“ಮುಹೂರ್ತ ಮೀರತೈತ್ರಿ,” ಎಂದು ಪೂಜೆಯ ಅಯ್ಯನವರು ಗಡಿಬಿಡಿಯಿಂದ ಶುರುಮಾಡಿದರು. ಮಂತ್ರ ಒದರುತ್ತ ಕಂಪ್ರೆಸರಿಗೆ ಕುಂಕುಮ ಹಚ್ಚಿದರು, ಹುಸೇನಪ್ಪನ ಮೂಗಿಗೂ ಹಚ್ಚಿದರು. ಅವನ ಎರಡೂ ಪಾದಗಳ ಬುಡಕ್ಕೆ ಒಂದೊಂದು ಲಿಂಬೆಹಣ್ಣು ಇಟ್ಟು, ತಿರುಗಿ ನೋಡದೆ ಮುಂದಿನ ಮಿಷನ್ನಿಗೆ ಸರಿದರು.

ಕೂಲಿಗಳು ಹೋ ಎಂದು ನಕ್ಕರು.

“ಅಯ್ಯನೋರ ಪಾಸ್ ಮಾಡ್ಯಾರ!” ಹುಸೇನಪ್ಪ ಪಚ್ಚೆಂದು ಲಿಂಬೆ ತುಳಿದು ಎದ್ದ. ಪೂಜೆಗಿಟ್ಟಿದ್ದ ಹೊಸ ಹಗ್ಗದ ಸುರುಳಿ ಬಿಚ್ಚಿ ಸೊಂಟಕ್ಕೆ ಎರಡು ಗಂಟು ಬಿಗಿದು, ಹಾರ ಕುಣಿಸುತ್ತ ಬಂಡೆಯ ಅಂಚಿನ ಕಡೆ ನಡೆದ.

“ಬಿಡಲೇ ಹಡಬಿಟ್ಟಿ! ಮಿಷನ್ನಿನ ಹಗ್ಗ ಐತದು!” ಹಂಪಣ್ಣ ಓಡಿಬಂದು ಇನ್ನೊಂದು ತುದಿ ಹಿಡಿದು ಜಗ್ಗಿದ.

ಹುಸೇನಪ್ಪ ಅಂಚಿನಲ್ಲಿ ಕುಳಿತು ಎರಡೂ ಕಾಲು ಕೆಳಗೆ ಇಳಿಬಿಟ್ಟ. ಒಂದು ಹರಳು ಜಾರಿತು. ಅದು ನೆಲ ಮುಟ್ಟಿದ ಸದ್ದು ತುಸು ತಡೆದು ಬಂತು. ಹಂಪಣ್ಣನ ಜಗ್ಗಾಟ ನಿಂತಿತು.

“ಗಟ್ಟಿ ಹಿಡೀರಿ ಧಣಿ,” ದಾವಲಬೀ ಕೂಗಿದಳು. “ಕೈಬಿಟ್ರ ಮನಶಾ ಬೀಳ್ತಾನ. ನಾವೆಲ್ಲಾ ನೋಡಾಕತ್ತೀವಿ.”

“ಯಾರರ ಬರ್ರಲೇ! ಹಿಡೀರಿ!”

ಯಾರೂ ಕದಲಲಿಲ್ಲ. ಹಂಪಣ್ಣ ಎರಡೂ ಕೈಯಲ್ಲಿ ಹಗ್ಗ ಬಿಗಿಹಿಡಿದು ನಿಂತ. ಅವನ ಮೂಗಿನ ತುದಿಗೆ ಒಂದು ನೊಣ ಬಂದು ಕುಳಿತು, ನೆಮ್ಮದಿಯಿಂದ ಕಾಲು ಉಜ್ಜಿಕೊಳ್ಳತೊಡಗಿತು.